ನಾಲ್ಕು ಆ್ಯಪ್‌ಗೆ ಚಂದಾ ಕಟ್ಟಿದರೂ ಸಿಗದ ಕನ್ನಡ ಸಿನಿಮಾ

ರಿಷಬ್ ಶೆಟ್ಟಿ ಅವರ ‘ಕಾಂತಾರ’ 2022ರ ನವೆಂಬರ್ 24ರಂದು ಪ್ರೈಮ್ ವಿಡಿಯೋಗೆ ಬಂದಾಗ ಅಲ್ಲಿ ಕನ್ನಡವಿತ್ತು, ತೆಲುಗು, ತಮಿಳು, ಮಲಯಾಳಂ ಇದ್ದವು. ಹಿಂದಿ ಮಾತ್ರ ಇರಲಿಲ್ಲ. ಹಿಂದಿಯ ‘ಕಾಂತಾರ’ ಎರಡು ವಾರ ಕಳೆದು, ಡಿಸೆಂಬರ್ 9ರಂದು ನೆಟ್‌ಫ್ಲಿಕ್ಸ್‌ನಲ್ಲಿ ಕಾಣಿಸಿಕೊಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ‘ಆರ್‌ಆರ್‌ಆರ್’ಗೂ ಹೀಗೇ ಆಗಿತ್ತು: ಕನ್ನಡವೂ ಸೇರಿ ದಕ್ಷಿಣದ ನಾಲ್ಕು ಭಾಷೆಗಳು ಜೀ5ರಲ್ಲಿ, ಹಿಂದಿ ನೆಟ್‌ಫ್ಲಿಕ್ಸ್‌ನಲ್ಲಿ. 2024ರಲ್ಲಿ ಶ್ರೀಮುರಳಿ ಅಭಿನಯದ ‘ಬಘೀರ’ ಬಂದಾಗ ಕನ್ನಡ ನೆಟ್‌ಫ್ಲಿಕ್ಸ್‌ಗೆ ಹೋಯಿತು, ಹಿಂದಿ ಹಾಟ್‌ಸ್ಟಾರ್‌ಗೆ. ಅಜ್ಜಿಗೆ ಕನ್ನಡ, ಸೊಸೆಗೆ ಹಿಂದಿ ಎನ್ನುವಂಥ ಮನೆಗಳು ಬೆಂಗಳೂರಿನಲ್ಲಿ ಸಾವಿರಾರು ಇವೆ. ಅಂಥ ಮನೆಯವರು ಒಂದೇ ಸಿನಿಮಾಕ್ಕೆ ಎರಡು ಕಡೆ ದುಡ್ಡು ತೆರಬೇಕು.

‘ಕಾಂತಾರ’ದ ವಿಷಯದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ‘ವರಾಹ ರೂಪಂ’ ಹಾಡಿನ ವಿರುದ್ಧ ಕೃತಿಸ್ವಾಮ್ಯದ ಮೊಕದ್ದಮೆ ಹೂಡಿದ್ದರಿಂದ, ಒಟಿಟಿಗೆ ಬಂದ ಪ್ರತಿಯಲ್ಲಿ ಆ ಹಾಡಿನ ಜಾಗದಲ್ಲಿ ಬೇರೊಂದು ರಾಗಸಂಯೋಜನೆ ಇತ್ತು. ಚಿತ್ರಮಂದಿರದಲ್ಲಿ ಕ್ಲೈಮ್ಯಾಕ್ಸ್‌ಗೆ ಮೈ ಜುಮ್ಮೆಂದವರು ಮನೆಯಲ್ಲಿ ಅದನ್ನೇ ಮತ್ತೆ ಹುಡುಕಿದಾಗ ಸಿಕ್ಕಿದ್ದು ಬೇರೆಯೇ ಅನುಭವ. ಕೆಲವೇ ವಾರಗಳಲ್ಲಿ ತಡೆ ತೆರವಾಗಿ ಮೂಲ ಹಾಡು ಮರಳಿತು. ಆದರೆ ಚಂದಾದಾರನ ಕೈಯಲ್ಲಿ ಏನೂ ಇಲ್ಲ ಎಂಬುದನ್ನು ಆ ದಿನಗಳು ಸ್ಪಷ್ಟವಾಗಿ ತೋರಿಸಿದವು. ಅವನು ಕಟ್ಟುವುದು ಆ ತಿಂಗಳು ಏನಿದೆಯೋ ಅದನ್ನು ನೋಡುವ ಶುಲ್ಕ, ಅಷ್ಟೇ.

‘777 ಚಾರ್ಲಿ’ 2022ರ ಜುಲೈ 29ರಂದು ವೂಟ್ ಸೆಲೆಕ್ಟ್‌ನಲ್ಲಿ ಬಿಡುಗಡೆಯಾಯಿತು. ಮರುವರ್ಷ ವೂಟ್ ಜಿಯೋಸಿನಿಮಾದೊಳಗೆ ಕರಗಿತು. 2025ರ ಫೆಬ್ರುವರಿ 14ರಂದು ಜಿಯೋಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಒಂದಾಗಿ ಜಿಯೋಹಾಟ್‌ಸ್ಟಾರ್ ಹುಟ್ಟಿತು. ಮೂರು ವರ್ಷದೊಳಗೆ ಪ್ರೇಕ್ಷಕನ ಆ್ಯಪ್ ಎರಡು ಬಾರಿ ಹೆಸರು ಬದಲಿಸಿತು. ಪ್ರತಿ ಬಾರಿಯೂ ಹೊಸ ಲಾಗಿನ್, ಹೊಸ ಪ್ಲ್ಯಾನ್, ಹೊಸ ಹುಡುಕಾಟ.

ಖರ್ಚೂ ಏರುತ್ತಲೇ ಇದೆ. ವರ್ಷಕ್ಕೆ 1,499 ರೂಪಾಯಿ ಪಡೆಯುವ ಪ್ರೈಮ್, 2025ರ ಜೂನ್ 17ರಿಂದ ಸಿನಿಮಾದ ಮಧ್ಯೆ ಜಾಹೀರಾತು ತೂರಿಸತೊಡಗಿತು; ಜಾಹೀರಾತು ಬೇಡವೆಂದರೆ ಮತ್ತೆ 699 ರೂಪಾಯಿ. ನೆಟ್‌ಫ್ಲಿಕ್ಸ್ 2023ರ ಜುಲೈನಲ್ಲಿ ಮನೆಯಾಚೆ ಪಾಸ್‌ವರ್ಡ್ ಹಂಚಿಕೊಳ್ಳುವುದನ್ನು ಭಾರತದಲ್ಲೂ ನಿಲ್ಲಿಸಿತು. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಬೆಂಗಳೂರಿನ ಮಗ ಕೊಟ್ಟಿದ್ದ ಪಾಸ್‌ವರ್ಡ್‌ಗೂ ಅಂದಿನಿಂದ ಕುತ್ತು ಬಂತು.

ಇಷ್ಟೆಲ್ಲ ಆದರೂ ಇವು ಕಿರಿಕಿರಿಗಳು. ಹೊಸ, ದೊಡ್ಡ, ಗೆದ್ದ ಸಿನಿಮಾ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಕನ್ನಡಿಗನಿಗೆ ಆಗಿರುವ ನಿಜವಾದ ನಷ್ಟ ಬೇರೆ. ಕನ್ನಡ ಸಿನಿಮಾದ ಬಹುಪಾಲು ಯಾವ ಆ್ಯಪ್‌ನಲ್ಲೂ ನೆಟ್ಟಗೆ ಇಲ್ಲ.

ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಚಿತ್ರಗಳು ತೆರೆ ಕಾಣುತ್ತವೆ. ಸಣ್ಣ ಚಿತ್ರಕ್ಕೆ ಚಿತ್ರಮಂದಿರದಲ್ಲಿ ಸಿಗುವುದು ಹೆಚ್ಚೆಂದರೆ ಒಂದು ವಾರ. ಆಮೇಲೆ ಅದು ಎಲ್ಲಿಗೆ ಹೋಗಬೇಕು? 2020ರ ಲಾಕ್‌ಡೌನ್‌ನಲ್ಲಿ ಒಂದು ದಾರಿ ಕಂಡಿತ್ತು. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಆ ಜುಲೈನಲ್ಲಿ ಒಂದು ವಾರದ ಅಂತರದಲ್ಲಿ ನೇರವಾಗಿ ಪ್ರೈಮ್‌ಗೆ ಬಂದವು. ಮುಂದಿನ ವರ್ಷ ‘ರತ್ನನ್ ಪ್ರಪಂಚ’ವೂ ಬಂತು. ಸಣ್ಣ ಬಜೆಟ್ಟಿನ, ಹೊಸ ಬಗೆಯ ಕಥೆಗಳಿಗೆ ಇನ್ನು ಮಾರುಕಟ್ಟೆ ಇದೆ ಎಂದು ಗಾಂಧಿನಗರ ಉಸಿರು ಬಿಟ್ಟಿತು. ಆ ಬಾಗಿಲು ಬಹಳ ದಿನ ತೆರೆದಿರಲಿಲ್ಲ. ಈಗ ಒಟಿಟಿಯವರು ಚಿತ್ರಮಂದಿರದ ಫಲಿತಾಂಶ ನೋಡಿಕೊಂಡು ಮಾತಿಗೆ ಕೂರುತ್ತಾರೆ, ಇಲ್ಲವೇ ಎಷ್ಟು ಗಂಟೆ ನೋಡಿದರೋ ಅಷ್ಟಕ್ಕೆ ಕಾಸು ಎನ್ನುತ್ತಾರೆ ಎಂಬುದು ನಿರ್ಮಾಪಕರ ದೂರು.

ರಕ್ಷಿತ್ ಶೆಟ್ಟಿ ಅವರಿಗಾದ ಅನುಭವವನ್ನೇ ನೋಡಬಹುದು. ಹೆಸರಿದ್ದ ನಟ, ಹೆಸರಿದ್ದ ನಿರ್ಮಾಪಕ. ಕರಾವಳಿಯ ಏಳು ಕಥೆಗಳ ‘ಏಕಂ’ ಸರಣಿಗೆ ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅವರಂಥ ಕಲಾವಿದರಿದ್ದರು. ಯೋಜನೆ ಶುರುವಾದದ್ದು 2020ರಲ್ಲಿ. ಕೊನೆಗೆ ಯಾವ ಪ್ಲಾಟ್‌ಫಾರ್ಮ್ ಕೂಡ ಕೊಳ್ಳಲಿಲ್ಲ. 2024ರ ಜುಲೈ 13ರಂದು ತಂಡ ತನ್ನದೇ ಜಾಲತಾಣ ಕಟ್ಟಿ ಅದರಲ್ಲಿ ಬಿಡುಗಡೆ ಮಾಡಿತು. ಅಷ್ಟು ಪ್ರಭಾವವಿದ್ದವರಿಗೇ ಹೀಗಾದರೆ, ಮನೆ ಅಡವಿಟ್ಟು ಮೊದಲ ಚಿತ್ರ ಮಾಡಿದ ಶಿವಮೊಗ್ಗದ ಹುಡುಗ ಯಾರ ಮುಂದೆ ನಿಲ್ಲಬೇಕು?

ಕನ್ನಡಿಗರು ಹೇಗೂ ತೆಲುಗು, ತಮಿಳು, ಹಿಂದಿ ನೋಡುತ್ತಾರೆ, ಅವರಿಗೆಂದೇ ಕನ್ನಡ ಕೊಳ್ಳುವ ಅಗತ್ಯವಿಲ್ಲ ಎಂಬ ಲೆಕ್ಕಾಚಾರ ಈ ಅಸಡ್ಡೆಯ ಹಿಂದೆ ಇದೆ ಎಂದು ಚಿತ್ರರಂಗದವರು ಬಹಳ ದಿನಗಳಿಂದ ಹೇಳುತ್ತಿದ್ದಾರೆ. ಅದು ಸುಳ್ಳೆನ್ನಲು ಕಾರಣ ಕಾಣುವುದಿಲ್ಲ. ತೆಲುಗರಿಗೆ 2020ರಿಂದ ‘ಆಹಾ’ ಇದೆ, ಬಂಗಾಳಿಗಳಿಗೆ 2017ರಿಂದ ‘ಹೊಯ್‌ಚೊಯ್’ ಇದೆ. ಅಷ್ಟು ಬಲವಾಗಿ ನಿಂತ ಕನ್ನಡದ್ದೇ ವೇದಿಕೆ ಇನ್ನೂ ಇಲ್ಲ.

ಇನ್ನು ಹಳೆಯ ಚಿತ್ರಗಳು. ಈ ವಿಷಯಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ಪುಟ್ಟಣ್ಣ ಕಣಗಾಲ್ ಅವರ ಚಿತ್ರವನ್ನೋ ಎನ್. ಲಕ್ಷ್ಮೀನಾರಾಯಣ್ ಅವರ ಚಿತ್ರವನ್ನೋ ನೋಡಬೇಕೆನ್ನುವ ಇಂದಿನ ವಿದ್ಯಾರ್ಥಿ ಕೊನೆಗೆ ಬಂದು ನಿಲ್ಲುವುದು ಯೂಟ್ಯೂಬ್‌ನಲ್ಲಿ. ಅಲ್ಲಿರುವುದು ಎಷ್ಟೋ ಸಲ ಟಿವಿ ಪ್ರಸಾರದಿಂದಲೋ ಹಳೆಯ ವಿಸಿಡಿಯಿಂದಲೋ ಇಳಿಸಿದ ಪ್ರತಿ. ಅಂಚು ಕತ್ತರಿಸಿದ್ದಾರೆ, ಮೂಲೆಯಲ್ಲಿ ಲೋಗೋ ಕೂತಿದೆ, ಸಂಭಾಷಣೆ ಹೂತುಹೋಗಿದೆ, ಸಬ್‌ಟೈಟಲ್ ಇಲ್ಲ. ಕನ್ನಡ ಕಲಿಯುತ್ತಿರುವ ಪರಭಾಷಿಕನಿಗೋ ಅಮೆರಿಕದಲ್ಲಿ ಬೆಳೆದ ಮೊಮ್ಮಗಳಿಗೋ ಅದನ್ನು ತೋರಿಸುವುದು ಸಾಧ್ಯವೇ ಇಲ್ಲ. ಇದ್ದುದರಲ್ಲಿ ಯೂಟ್ಯೂಬಾದರೂ ಇದೆಯಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಛಾಯಾಗ್ರಾಹಕರು ಬೆಳಕನ್ನು ಕಾದು ತೆಗೆದ ದೃಶ್ಯಕ್ಕೆ ಆ ಸಮಾಧಾನ ಸಾಲದು.

ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರಿಂಟ್ ಕೂಡ ಉಳಿದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂಬುದಕ್ಕೆ ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ ಸಾಕ್ಷಿ. ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಷನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಸೇರಿ ಅದನ್ನು ಪುನರುಜ್ಜೀವಗೊಳಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನವಾಯಿತು. ಸ್ವರ್ಣಕಮಲ ಪಡೆದ ಕನ್ನಡ ಚಿತ್ರವನ್ನು ಬದುಕಿಸಲು ನ್ಯೂಯಾರ್ಕಿನವರೂ ಮುಂಬೈನವರೂ ಮುಂದಾದರು. ಅವರಿಗೆ ಕೃತಜ್ಞತೆ ಸಲ್ಲಲೇಬೇಕು. ‘ಸಂಸ್ಕಾರ’, ‘ಚೋಮನ ದುಡಿ’, ‘ತಬರನ ಕಥೆ’, ‘ತಾಯಿ ಸಾಹೇಬ’ ಕೂಡ ಸ್ವರ್ಣಕಮಲ ಪಡೆದವೇ. ಅವುಗಳ ಸರದಿಗೂ ಹೊರಗಿನವರನ್ನೇ ಕಾಯಬೇಕೆ?

ಹಳೆಯ ಸಿನಿಮಾ ಆ್ಯಪ್‌ಗೆ ಬಾರದಿರಲು ಆಸಕ್ತಿಯ ಕೊರತೆಯೊಂದೇ ಕಾರಣವಲ್ಲ. ಅರ್ಧ ತೊಡಕು ಕಾಗದಪತ್ರದ್ದು. ನಲವತ್ತು ವರ್ಷದ ಹಿಂದಿನ ಒಪ್ಪಂದದಲ್ಲಿ ಇಂಟರ್ನೆಟ್ ಎಂಬ ಪದವೇ ಇಲ್ಲ. ನಿರ್ಮಾಪಕ ನೆಗೆಟಿವ್ ಹಕ್ಕನ್ನು ಫೈನಾನ್ಶಿಯರ್‌ಗೆ ಬರೆದುಕೊಟ್ಟಿರುತ್ತಾನೆ, ವಿಡಿಯೋ ಹಕ್ಕನ್ನು ಇನ್ನೊಬ್ಬರಿಗೆ, ಸ್ಯಾಟಲೈಟ್ ಹಕ್ಕನ್ನು ಟಿವಿ ಚಾನೆಲ್‌ಗೆ, ಹಾಡನ್ನು ಆಡಿಯೋ ಕಂಪನಿಗೆ. ಅವನು ತೀರಿಕೊಂಡ ಮೇಲೆ ಮಕ್ಕಳಲ್ಲಿ ಪಾಲು ಬೇರೆ. ಡಿಜಿಟಲ್ ಹಕ್ಕು ಯಾರದು ಎಂದು ಕೇಳಿದರೆ ಮೂವರು ಕೈ ಎತ್ತುತ್ತಾರೆ, ಅಥವಾ ಒಬ್ಬರೂ ಎತ್ತುವುದಿಲ್ಲ. ಸಾವಿರ ಜನ ನೋಡಬಹುದಾದ ಚಿತ್ರಕ್ಕಾಗಿ ಇಷ್ಟೆಲ್ಲ ಬಿಡಿಸಲು ಯಾವ ಖಾಸಗಿ ಕಂಪನಿಯೂ ವಕೀಲರ ಫೀಸು ಕೊಡುವುದಿಲ್ಲ.

ಆದ್ದರಿಂದಲೇ ಈ ಕೆಲಸ ಸರ್ಕಾರದ್ದು. ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಮಾರ್ಚ್‌ನ ಬಜೆಟ್‌ನಲ್ಲಿ ಕನ್ನಡ ಚಿತ್ರಗಳಿಗೆ ಸರ್ಕಾರದ್ದೇ ಒಟಿಟಿ ವೇದಿಕೆ ಎಂದು ಘೋಷಿಸಿದರು. ನಾಡಿನ ಬದುಕು, ಚರಿತ್ರೆ, ಸಂಸ್ಕೃತಿ ಬಿಂಬಿಸುವ ಚಿತ್ರಗಳನ್ನು ಸಂಗ್ರಹಿಸಿಡಲು 3 ಕೋಟಿ ರೂಪಾಯಿ ಎಂದೂ ಹೇಳಿದರು. ಎರಡೂ ಒಳ್ಳೆಯ ಮಾತುಗಳೇ. ಆದರೆ ವೇದಿಕೆ ಹೊಸ ಸ್ಟಾರ್ ಚಿತ್ರಗಳ ಹಿಂದೆ ಓಡಿದರೆ ಅದು ಹಣವಂತ ಕಂಪನಿಗಳ ಮುಂದೆ ಸೋಲುವುದು ಖಚಿತ. ‘ಕಾಂತಾರ: ಚಾಪ್ಟರ್ 1’ ತೆರೆಕಂಡು ನಾಲ್ಕು ವಾರಕ್ಕೇ, 2025ರ ಅಕ್ಟೋಬರ್ 31ರಂದು, ಪ್ರೈಮ್‌ಗೆ ಬಂತು. ಆ ಪಂದ್ಯ ಸರ್ಕಾರ ಆಡಬೇಕಾದ್ದಲ್ಲ. ಬೇರೆ ಯಾರೂ ಇಡದ ಚಿತ್ರಗಳನ್ನು ಇಡುವುದು ಅದರ ಕೆಲಸವಾಗಬೇಕು.

ನೆರೆಯ ಕೇರಳ ಹೀಗೆ ಮಾಡಿ ತೋರಿಸಿದೆ. ಅಲ್ಲಿನ ಚಲನಚಿತ್ರ ಅಭಿವೃದ್ಧಿ ನಿಗಮದ ‘ಸಿ ಸ್ಪೇಸ್’ 2024ರ ಮಾರ್ಚ್ 7ರಂದು 42 ಚಿತ್ರಗಳೊಂದಿಗೆ ಶುರುವಾಯಿತು. ತಿಂಗಳ ಚಂದಾ ಇಲ್ಲ. ಬೇಕಾದ ಚಿತ್ರಕ್ಕೆ 75 ರೂಪಾಯಿ ಕಟ್ಟಿ ನೋಡಬೇಕು, ಅದರ ಅರ್ಧ ಚಿತ್ರ ಕೊಟ್ಟವರಿಗೆ. ಹಿಂದೆ ವಿಡಿಯೋ ಕ್ಯಾಸೆಟ್ ಲೈಬ್ರರಿಗಳು ನಡೆದದ್ದೂ ಹೀಗೆಯೇ: ಒಂದು ಚಿತ್ರಕ್ಕೆ ಒಂದು ಬಾಡಿಗೆ. ವರ್ಷಕ್ಕೆ ನಾಲ್ಕು ಹಳೆಯ ಚಿತ್ರ ನೋಡುವವರಿಗೆ ಇದಕ್ಕಿಂತ ನ್ಯಾಯದ ಲೆಕ್ಕ ಮತ್ತೊಂದಿಲ್ಲ. ಕೊರಿಯನ್ ಫಿಲ್ಮ್ ಆರ್ಕೈವ್ ಇನ್ನೂ ಮುಂದೆ ಹೋಗಿ, ತನ್ನ ದೇಶದ ಹಳೆಯ ಚಿತ್ರಗಳನ್ನು ಒಳ್ಳೆಯ ಪ್ರತಿ ಮತ್ತು ಇಂಗ್ಲಿಷ್ ಸಬ್‌ಟೈಟಲ್ ಸಮೇತ ಯೂಟ್ಯೂಬ್‌ನಲ್ಲಿ ಉಚಿತವಾಗಿಯೇ ಇಟ್ಟಿದೆ. ಬೆಂಗಳೂರಿನಲ್ಲಿ ಕೂತ ಯಾರಾದರೂ ಇವತ್ತು ರಾತ್ರಿ 1960ರ ದಶಕದ ಕೊರಿಯನ್ ಚಿತ್ರವನ್ನು ಕಣ್ಣಿಗೆ ಹಿತವಾಗುವಂತೆ ನೋಡಬಹುದು. ಅದೇ ದಶಕದ ಕನ್ನಡ ಚಿತ್ರಕ್ಕೆ ಆ ಭಾಗ್ಯವಿಲ್ಲ.

ಕಾನೂನು ಕೂಡ ಒಂದು ದಾರಿ ಬಿಟ್ಟಿದೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕು ಉಳಿಯುವುದು ಬಿಡುಗಡೆಯ ಮರುವರ್ಷದಿಂದ 60 ವರ್ಷ. ರಾಜ್‌ಕುಮಾರ್ ನಾಯಕರಾಗಿ ಬಂದ 1954ರ ‘ಬೇಡರ ಕಣ್ಣಪ್ಪ’ದ ಅವಧಿ 2014ಕ್ಕೇ ಮುಗಿಯಿತು. 1960ರ ‘ರಣಧೀರ ಕಂಠೀರವ’, 1961ರ ‘ಕಿತ್ತೂರು ಚೆನ್ನಮ್ಮ’, 1964ರ ‘ನಾಂದಿ’, ‘ಚಂದವಳ್ಳಿಯ ತೋಟ’, ‘ಅಮರಶಿಲ್ಪಿ ಜಕಣಾಚಾರಿ’ ಎಲ್ಲವೂ ಆ ಗೆರೆ ದಾಟಿವೆ. ಹಾಡಿನ ಸಾಹಿತ್ಯ, ಸಂಗೀತಕ್ಕೆ ಬೇರೆ ಲೆಕ್ಕವಿದೆ. ಅಲ್ಲಿ ರಚನಕಾರ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ, ಅದನ್ನು ಗೌರವಿಸಿ ಒಪ್ಪಂದ ಮಾಡಿಕೊಳ್ಳಬೇಕು. ಆದರೂ ತೊಡಕು ಅರ್ಧಕ್ಕರ್ಧ ಕಡಿಮೆ. ಇಂಥ ಚಿತ್ರಗಳಿಗೆ ಬೇಕಾದ್ದು ಒಳ್ಳೆಯ ಪ್ರಿಂಟ್, ಸ್ಕ್ಯಾನರ್ ಮತ್ತು ಅದರ ಮುಂದೆ ತಾಳ್ಮೆಯಿಂದ ಕೂರುವ ಜನ.

ಸಿಗದ ಸಿನಿಮಾವನ್ನು ಜನ ಟೆಲಿಗ್ರಾಂನಲ್ಲಿ ಹುಡುಕುತ್ತಾರೆ. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿಯ ನಂತರ ಪೈರಸಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡವಿದೆ. ಕಳ್ಳಪ್ರತಿಗೆ ಶಿಕ್ಷೆ ಆಗಲಿ. ಆದರೆ ದುಡ್ಡು ಕೊಟ್ಟು ನೋಡುತ್ತೇನೆ ಎನ್ನುವವನಿಗೆ ಅಂಗಡಿಯನ್ನೇ ತೆರೆಯದೆ ಬರೀ ಶಿಕ್ಷೆಯ ಮಾತಾಡಿದರೆ ಅದು ಅರ್ಧ ಕೆಲಸ.

ಆ 3 ಕೋಟಿಯಲ್ಲಿ ಎಲ್ಲ ಚಿತ್ರಗಳನ್ನು ಪುನರುಜ್ಜೀವಗೊಳಿಸಲಾಗದು. ಮೊದಲ ಹೆಜ್ಜೆಗೆ ಅಷ್ಟು ಹಣ ಬೇಕಾಗಿಯೂ ಇಲ್ಲ. ಯಾವ ಕನ್ನಡ ಚಿತ್ರದ ನೆಗೆಟಿವ್ ಅಥವಾ ಪ್ರಿಂಟ್ ಪುಣೆಯ ರಾಷ್ಟ್ರೀಯ ಚಿತ್ರ ಸಂಗ್ರಹಾಲಯದಲ್ಲಿದೆ, ಯಾವುದು ಚೆನ್ನೈನ ಲ್ಯಾಬ್‌ಗಳಲ್ಲಿ ಉಳಿದಿದೆ, ಯಾವುದು ನಿರ್ಮಾಪಕರ ಮನೆಯ ಡಬ್ಬದಲ್ಲಿದೆ, ಯಾವುದರ ಹಕ್ಕು ಯಾರ ಬಳಿ ಇದೆ ಎಂಬ ಪಟ್ಟಿಯನ್ನು ಕರ್ನಾಟಕ ಚಲನಚಿತ್ರ ಅಕಾಡೆಮಿ ಸಿದ್ಧಪಡಿಸಿ ಜನರೆಲ್ಲ ನೋಡುವಂತೆ ಪ್ರಕಟಿಸಲಿ. ಹಾಗೆಯೇ, ಇನ್ನು ಮುಂದೆ ಸರ್ಕಾರದ ಸಹಾಯಧನ ಪಡೆಯುವ ಪ್ರತಿ ಚಿತ್ರದಿಂದಲೂ ಅತ್ಯುತ್ತಮ ಗುಣಮಟ್ಟದ ಒಂದು ಡಿಜಿಟಲ್ ಪ್ರತಿ, ಕನ್ನಡ ಮತ್ತು ಇಂಗ್ಲಿಷ್ ಸಬ್‌ಟೈಟಲ್, ಕೆಲವು ವರ್ಷಗಳ ನಂತರ ಸರ್ಕಾರಿ ವೇದಿಕೆಯಲ್ಲಿ ಬಾಡಿಗೆಗೆ ಇಡಲು ಒಪ್ಪಿಗೆ ಪತ್ರ, ಈ ಮೂರನ್ನೂ ಅರ್ಜಿಯ ಜೊತೆಯಲ್ಲೇ ಪಡೆಯಲಿ. ತೆರಿಗೆದಾರನ ಹಣ ಪಡೆದ ಚಿತ್ರವನ್ನು ಆ ತೆರಿಗೆದಾರ ನೋಡಲಾಗದ ಸ್ಥಿತಿ ಇಷ್ಟು ವರ್ಷ ನಡೆದದ್ದೇ ಹೆಚ್ಚು. ಈ ನಿಯಮಕ್ಕೆ ಹೊಸ ಆ್ಯಪ್ ಸಿದ್ಧವಾಗುವವರೆಗೆ ಕಾಯಬೇಕಿಲ್ಲ, ಮುಂದಿನ ಸಾಲಿನ ಅರ್ಜಿ ಆಹ್ವಾನದಲ್ಲೇ ಅದನ್ನು ಸೇರಿಸಬಹುದು.