ಉದ್ರಿ ಪುಸ್ತಕ ಮತ್ತು ಯೋಜನಾ ವರದಿ: ನಿರ್ವಹಣಾಶಾಸ್ತ್ರದ ಕೊನೆಯ ಸೆಮಿಸ್ಟರನ್ನು ಕುರಿತು

ಪದವಿಯಲ್ಲಿ ನಿರ್ವಹಣಾಶಾಸ್ತ್ರವನ್ನು ವಿಶೇಷಾಧ್ಯಯನವಾಗಿ ಆಯ್ದುಕೊಂಡಿದ್ದ ಹುಡುಗನೊಬ್ಬ ಕೊನೆಯ ಸೆಮಿಸ್ಟರಿನ ಯೋಜನಾ ವರದಿಯನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದಿದ್ದ. ಮೊದಲೆರಡು ವರ್ಷ ನನ್ನ ಕನ್ನಡ ಭಾಷಾ ತರಗತಿಯಲ್ಲಿ ಕುಳಿತಿದ್ದವನು. ಆ ವಿಶ್ವಾಸದಿಂದ ತೋರಿಸಲು ತಂದಿದ್ದ. ದ್ವಿಚಕ್ರ ವಾಹನ ಕೊಂಡ ಐವತ್ತು ಗ್ರಾಹಕರ ತೃಪ್ತಿಯನ್ನು ಕುರಿತ ವರದಿ ಅದು. ಪ್ರಶ್ನಾವಳಿ, ಶೇಕಡಾವಾರು ಕೋಷ್ಟಕ, ಬಣ್ಣದ ವೃತ್ತಚಿತ್ರ, ಸಲಹೆಗಳು ಎಲ್ಲವೂ ಇದ್ದವು. ಹಿಂದಿನ ವರ್ಷದ ವರದಿಯಲ್ಲಿ ಕಂಪನಿಯ ಹೆಸರನ್ನಷ್ಟೇ ಬದಲಿಸಿದ್ದೆನೆಂದು ಅವನೇ ಸಂಕೋಚದಿಂದ ಒಪ್ಪಿಕೊಂಡ.

“ನಿಮ್ಮ ತಂದೆಯವರು ಏನು ಮಾಡುತ್ತಾರಪ್ಪ?” ಎಂದು ಕೇಳಿದೆ. “ದಿನಸಿ ಅಂಗಡಿ ಸರ್. ತಾತನ ಕಾಲದಿಂದಲೂ ಇದೆ.” “ಉದ್ರಿ ಕೊಡುತ್ತಾರೆಯೇ?” “ಅರ್ಧ ವ್ಯಾಪಾರ ಉದ್ರಿಯಲ್ಲೇ ಸರ್. ಹಳೆಯ ಪುಸ್ತಕಗಳೆಲ್ಲ ಅಟ್ಟದ ಮೇಲಿವೆ.” ಅದನ್ನೇ ಏಕೆ ಅಧ್ಯಯನ ಮಾಡಲಿಲ್ಲ ಎಂದಾಗ ಅವನು ಕೊಟ್ಟ ಉತ್ತರ ಈ ಲೇಖನಕ್ಕೆ ಕಾರಣ: “ಅದು ಪ್ರಾಜೆಕ್ಟ್ ಆಗುವುದಿಲ್ಲ ಅಂದರು ಸರ್.”

ನಮ್ಮ ರಾಜ್ಯದಲ್ಲಿ ಪದವಿ ಶಿಕ್ಷಣದ ಚರ್ಚೆ ಬಹುಪಾಲು ಅವಧಿಯ ಸುತ್ತಲೇ ನಡೆದಿದೆ. 2021-22ರಲ್ಲಿ ನಾಲ್ಕು ವರ್ಷದ ವ್ಯವಸ್ಥೆ ಬಂದಿತು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಆದರೆ ವಿಶೇಷಾಧ್ಯಯನವೊಂದು ಯಾವಾಗ ಪೂರ್ಣವಾಗುತ್ತದೆ ಎಂಬುದು ವರ್ಷಗಳ ಲೆಕ್ಕದಿಂದಾಗಲಿ ಕ್ರೆಡಿಟ್ಟುಗಳ ಲೆಕ್ಕದಿಂದಾಗಲಿ ತೀರುವ ಪ್ರಶ್ನೆಯಲ್ಲ. ತಾನು ಕಲಿತ ಶಾಸ್ತ್ರದಿಂದ ತನ್ನ ಸುತ್ತಲಿನ ಒಂದು ವ್ಯವಹಾರವನ್ನಾದರೂ ವಿದ್ಯಾರ್ಥಿ ಸ್ವತಃ ಓದಿ ಅರ್ಥೈಸಿದಾಗ ಮಾತ್ರ ಅದು ಪೂರ್ಣವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆ ಓದಿನಲ್ಲಿ ಸಾಹಿತ್ಯದ ಅಧ್ಯಾಪಕರಿಗೂ ಸಂಶೋಧಕರಿಗೂ ಪಾಲಿದೆ.

ನಿರ್ವಹಣಾಶಾಸ್ತ್ರದವರು ಹೆಮ್ಮೆಪಡುವ ಬೋಧನಾಕ್ರಮವೆಂದರೆ ಪ್ರಕರಣ ಅಧ್ಯಯನ. 1961ರಲ್ಲಿ ಸ್ಥಾಪನೆಯಾದ ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಹಯೋಗದಲ್ಲಿ ಈ ಕ್ರಮವನ್ನು ನಮ್ಮಲ್ಲಿ ನೆಲೆಗೊಳಿಸಿತು. ನಿಜವಾಗಿ ನಡೆದ ಒಂದು ವ್ಯವಹಾರವನ್ನು ಮುಂದಿಟ್ಟು, ಬಂಡವಾಳ ಯಾರದು, ಹೊಣೆ ಯಾರದು, ನಷ್ಟ ಸಂಭವಿಸಿದರೆ ಏನು ಗತಿ ಎಂದು ವಿದ್ಯಾರ್ಥಿಗಳೇ ವಿಚಾರ ಮಾಡುವಂತೆ ಮಾಡುವುದು ಅದರ ತಿರುಳು.

ಇದೇ ಪ್ರಶ್ನೆಗಳನ್ನು ಹಿಡಿದು ಶ್ರವಣಬೆಳಗೊಳದ ದಾನಶಾಸನಗಳನ್ನು ಓದಿ ನೋಡಬಹುದು. ಗೊಮ್ಮಟನ ನಿತ್ಯಾಭಿಷೇಕದ ಹಾಲಿಗೆಂದು ಭಕ್ತರು ಗದ್ಯಾಣಗಳನ್ನು ಮೂಲಧನವಾಗಿ ಇರಿಸಿ, ಅದರ ಬಡ್ಡಿಯಿಂದ ಪ್ರತಿದಿನ ಇಷ್ಟು ಹಾಲು ಸಲ್ಲತಕ್ಕದ್ದೆಂದು ಗೊತ್ತುಪಡಿಸಿದ ಶಾಸನಗಳು ಅಲ್ಲಿವೆ. ಮೂಲಧನ ಕರಗಕೂಡದು, ಬಡ್ಡಿ ನಿಲ್ಲಕೂಡದು, ದಾನಿ ಸತ್ತ ಮೇಲೂ ಹಾಲು ತಪ್ಪಕೂಡದು. ಇಂದಿನವರು ದತ್ತಿನಿಧಿಯ ನಿರ್ವಹಣೆ ಎಂದು ಕರೆಯುವ ಸಮಸ್ಯೆಯೇ ಇದು. ಹಣವನ್ನು ಯಾರ ವಶಕ್ಕೆ ಕೊಟ್ಟರು? ಹಾಲಿನ ಬೆಲೆ ಏರಿದರೆ ಕೊರತೆಯನ್ನು ಯಾರು ತುಂಬಬೇಕು? ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವನ್ನು ನಾವು ರೂಢಿಯ ಮಾತೆಂದು ದಾಟಿಬಿಡುತ್ತೇವೆ. ನ್ಯಾಯಾಲಯದ ನೆರವಿಲ್ಲದೆ ತಲೆಮಾರುಗಳಾಚೆಗೆ ಒಪ್ಪಂದವನ್ನು ಕಾಯುವ ಉಪಾಯವಾಗಿ ಅದನ್ನು ಪರಿಶೀಲಿಸಬಹುದಲ್ಲವೆ?

ಇಂಥ ಆಕರಗಳು ಒಂದೆರಡಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕಗಳೂ ಪಾಲುದಾರರ ನಡುವೆ ಲಾಭ ಹಂಚುವ ಲೆಕ್ಕಗಳೂ ಇವೆ. 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದ. ಅಯ್ಯಾವೊಳೆಯ ಐನೂರ್ವರ ವರ್ತಕ ಸಂಘ ಕರ್ನಾಟಕವನ್ನು ದಾಟಿ ಬೆಳೆಯಿತು. ಸುಮಾತ್ರಾದ ಬರೂಸಿನಲ್ಲಿ ದೊರೆತ 1088ರ ತಮಿಳು ಶಾಸನವೂ ಐನೂರ್ವರನ್ನು ಹೆಸರಿಸುತ್ತದೆ. ಇನ್ನು ಕಡತ: ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕ. ಆ ಹೆಸರು ಇಂದು ಕಚೇರಿಯ ಫೈಲಿಗೆ ಉಳಿದುಕೊಂಡಿದೆ. ವಸ್ತು ಮಾತ್ರ ವಸ್ತುಸಂಗ್ರಹಾಲಯ ಸೇರಿದೆ.

ಇಲ್ಲಿ ಎಚ್ಚರಿಕೆಯ ಮಾತೊಂದು ಅಗತ್ಯ. ಆಧುನಿಕ ನಿರ್ವಹಣಾಶಾಸ್ತ್ರವೆಲ್ಲ ನಮ್ಮ ಪೂರ್ವಿಕರಲ್ಲಿತ್ತು ಎಂದು ಸಾಧಿಸಲು ನಾನು ಹೊರಟಿಲ್ಲ. ಗಣಿತಸಾರಸಂಗ್ರಹ ಗಣಿತಗ್ರಂಥವೇ ಹೊರತು ಮಾರುಕಟ್ಟೆಯ ಕೈಪಿಡಿಯಲ್ಲ. ಶಾಸನ ದಾನಿಯ ಹೆಸರನ್ನು ಕೆತ್ತುತ್ತದೆ. ದಿನವೂ ಹಾಲು ಕರೆದು ಹೊತ್ತು ತಂದವರ ಹೆಸರನ್ನು ಸಾಮಾನ್ಯವಾಗಿ ಕೆತ್ತುವುದಿಲ್ಲ. ವರ್ತಕ ಸಂಘಗಳ ಪ್ರಶಸ್ತಿ ಅವರೇ ಹೇಳಿಕೊಂಡ ಮಾತು. ಅದನ್ನು ಹಾಗೆಯೇ ನಂಬುವುದು ಕಂಪನಿಯ ಜಾಹೀರಾತನ್ನು ವಾರ್ಷಿಕ ವರದಿಯೆಂದು ಓದಿದಂತೆ. ಈ ವಿವೇಚನೆಯನ್ನು ಕಲಿಸುವುದೇ ಅಧ್ಯಯನದ ಫಲ. ಹಣಕಾಸು, ಸಂಖ್ಯಾಶಾಸ್ತ್ರ, ಕಾನೂನುಗಳನ್ನು ಬದಿಗಿರಿಸಿ ಶಾಸನ ಓದಬೇಕೆಂದೂ ನಾನು ಹೇಳುತ್ತಿಲ್ಲ. ಅವನ್ನು ಕಲಿತವನಿಗೇ ಈ ಓದು ಸಾಧ್ಯ.

ದೋಷ ವಾಣಿಜ್ಯ ವಿಭಾಗದವರದು ಮಾತ್ರವಲ್ಲ. ನಾವು ಶಾಸನಗಳಲ್ಲಿ ಛಂದಸ್ಸನ್ನು, ವಂಶಾವಳಿಯನ್ನು, ಕವಿಯ ಹೆಸರನ್ನು ಹುಡುಕುತ್ತೇವೆ. ಬಡ್ಡಿಯ ಸಾಲು ಬಂದಾಗ ಮುಂದೆ ಸಾಗುತ್ತೇವೆ. ಲೆಕ್ಕ ನಮ್ಮ ವಿಷಯವಲ್ಲ ಎಂಬ ಬಿಗುಮಾನ ನಮ್ಮದು. ನಗರಗಳ ಕಾಲೇಜುಗಳಲ್ಲಿ ಕನ್ನಡ ಎಂ.ಎ. ಮಾಡಿದ ಅನೇಕರ ಎದುರು ಕುಳಿತುಕೊಳ್ಳುವವರು ಬಿ.ಕಾಂ., ಬಿ.ಬಿ.ಎ. ವಿದ್ಯಾರ್ಥಿಗಳೇ. ಅವರ ಶಾಸ್ತ್ರಕ್ಕೂ ನಮ್ಮ ಪಠ್ಯಕ್ಕೂ ಇರುವ ನಂಟನ್ನು ತೋರಿಸದೆ, ಕನ್ನಡವೆಂದರೆ ಅಂಕ ಗಳಿಸುವ ಪತ್ರಿಕೆ ಎಂದು ಅವರು ಬಗೆದರೆ ದೂರುವುದು ನ್ಯಾಯವಲ್ಲ.

ಆದ್ದರಿಂದ ನನ್ನ ಸೂಚನೆ ಸರಳವಾದುದು. ಕೊನೆಯ ಸೆಮಿಸ್ಟರಿನ ಯೋಜನಾ ವರದಿಗೆ ಒಂದು ಪರ್ಯಾಯವಿರಲಿ: ಒಂದು ಶಾಸನ, ಒಂದು ಹಳೆಯ ಲೆಕ್ಕಪುಸ್ತಕ ಅಥವಾ ಊರಿನ ಒಂದು ಅಂಗಡಿ, ಸಂತೆ, ಸಹಕಾರ ಸಂಘ. ಮಾರ್ಗದರ್ಶಕರು ಇಬ್ಬರಿರಲಿ, ಒಬ್ಬರು ನಿರ್ವಹಣಾಶಾಸ್ತ್ರದವರು, ಒಬ್ಬರು ಕನ್ನಡದವರು. ಮೌಖಿಕ ಪರೀಕ್ಷೆಯಲ್ಲಿ ಕನ್ನಡದಲ್ಲಿ ಉತ್ತರಿಸಲು ಅವಕಾಶವಿರಲಿ. ಸಾಲಗಾರರ ಹೆಸರು ಮರೆಯಾಗಿರಲಿ. ಲೆಕ್ಕ ಮಾತ್ರ ಹೊರಬರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ನಕಲು ಮಾಡಲು ಹಿಂದಿನ ವರ್ಷದ ವರದಿಯೂ ಸಿಗದು.

ಆ ಹುಡುಗ ತನ್ನ ದ್ವಿಚಕ್ರ ವಾಹನದ ವರದಿಯನ್ನೇ ಸಲ್ಲಿಸಿ ತೇರ್ಗಡೆಯಾದ, ಈಗ ಉದ್ಯೋಗದಲ್ಲಿದ್ದಾನೆ. ಅವನ ಮನೆಯ ಅಟ್ಟದಲ್ಲಿ ಮೂರು ತಲೆಮಾರಿನ ಉದ್ರಿ ಪುಸ್ತಕಗಳಿವೆ. ಊರಿನಲ್ಲಿ ಯಾವ ವರ್ಷ ಬರ ಬಂದಿತು, ಯಾವ ಮನೆಗೆ ಎಷ್ಟು ದಿನ ತಡೆದುಕೊಂಡರು, ಯಾರ ಬಾಕಿಯನ್ನು ಸುಮ್ಮನೆ ಹೊಡೆದುಹಾಕಿದರು ಎಂಬುದು ಅವುಗಳಲ್ಲಿ ಇದ್ದೀತು. ಅವುಗಳನ್ನು ಅವನು ಇನ್ನೂ ಓದಿಲ್ಲ. ಅದು ಪ್ರಾಜೆಕ್ಟ್ ಆಗುತ್ತದೆಂದು ಅವನಿಗೆ ಸಮಯಕ್ಕೆ ಸರಿಯಾಗಿ ಹೇಳದವರಲ್ಲಿ ನಾನೂ ಒಬ್ಬ.