ಆಟದಂಗಳ: ಡ್ರಾ ಆದರೂ ಗೆದ್ದವರು



ನಮ್ಮ ಸಂಘದ ವಾಚನಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ತಿರುವಿ ಹಾಕುತ್ತಿದ್ದ ಕಾಲೇಜು ಹುಡುಗನೊಬ್ಬ ಮೊನ್ನೆ ನನ್ನನ್ನು ತಡೆದು ನಿಲ್ಲಿಸಿದ. "ಅಂಕಲ್, ಪಂದ್ಯ ಡ್ರಾ ಆಯಿತು ಅಂತಲೂ ಬರೆದಿದ್ದಾರೆ, ಕೇರಳ ಫೈನಲಿಗೆ ಹೋಯಿತು ಅಂತಲೂ ಬರೆದಿದ್ದಾರೆ. ಎರಡರಲ್ಲಿ ಯಾವುದು ನಿಜ?"

ಎರಡೂ ನಿಜ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ನಿಮ್ಮಲ್ಲೂ ಹಲವರಿಗೆ ಇದೇ ಸಂಶಯ ಇದ್ದೀತೆಂದು ಈ ಸಲದ ಅಂಕಣವನ್ನು ರಣಜಿ ಟ್ರೋಫಿಯ ಲೆಕ್ಕಾಚಾರಕ್ಕೇ ಮೀಸಲಿಟ್ಟಿದ್ದೇನೆ.

ಅವನು ಓದಿದ್ದು 2025ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ನಡೆದ ಸೆಮಿಫೈನಲಿನ ಸುದ್ದಿ. ಕೇರಳ 457 ರನ್ ಹೊಡೆದಿತ್ತು. ಗುಜರಾತ್ ಒಂಬತ್ತು ವಿಕೆಟಿಗೆ 455. ಮುನ್ನಡೆಗೆ ಬೇಕಿದ್ದದ್ದು ಮೂರೇ ಮೂರು ರನ್ನು. ಕೊನೆಯ ದಾಂಡಿಗ ಬಲವಾಗಿ ಬೀಸಿದ ಚೆಂಡು ಶಾರ್ಟ್ ಲೆಗ್‌ನಲ್ಲಿದ್ದ ಸಲ್ಮಾನ್ ನಿಜಾರ್‌ನ ಹೆಲ್ಮೆಟ್ಟಿಗೆ ಬಡಿದು ಮೇಲೆ ಚಿಮ್ಮಿ ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿಯ ಕೈಗೆ ಬಿತ್ತು. ಕ್ಯಾಚ್! ಎರಡು ರನ್ನಿನ ಮುನ್ನಡೆ. ಆ ಬಳಿಕ ಆಡಿದ್ದೆಲ್ಲ ಬರೀ ಹೊತ್ತು ಕಳೆಯುವ ಆಟ. ಅದಕ್ಕೆ ಮುಂಚೆ ಪುಣೆಯ ಕ್ವಾರ್ಟರ್ ಫೈನಲಿನಲ್ಲಿ ಜಮ್ಮು-ಕಾಶ್ಮೀರದ 280ಕ್ಕೆ ಇದೇ ಕೇರಳ 281 ಹೊಡೆದು, ಒಂದೇ ಒಂದು ರನ್ನಿನ ಮುನ್ನಡೆಯಿಂದ ಮೇಲೆ ಬಂದಿತ್ತು.

ಈಗ ಅಂಕಗಳ ವಿಷಯ. ಲೀಗ್ ಪಂದ್ಯಗಳಲ್ಲಿ ಪೂರ್ಣ ಗೆಲುವಿಗೆ 6 ಅಂಕ. ಇನಿಂಗ್ಸ್ ಅಂತರದಿಂದ ಅಥವಾ ಹತ್ತು ವಿಕೆಟ್‌ಗಳಿಂದ ಗೆದ್ದರೆ ಇನ್ನೊಂದು ಬೋನಸ್. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಪಡೆದವರಿಗೆ 3, ಹಿಂದೆ ಬಿದ್ದವರಿಗೆ 1. ಮೊದಲ ಇನಿಂಗ್ಸೇ ಮುಗಿಯದಿದ್ದರೆ ಇಬ್ಬರಿಗೂ ಒಂದೊಂದು.

ಇದರಲ್ಲೊಂದು ಜಾಣತನವಿದೆ, ಗಮನಿಸಿ. ಮುನ್ನಡೆ ಪಡೆದ ನಾಯಕನ ಜೇಬಿನಲ್ಲಿ ಆಗಲೇ ಮೂರು ಅಂಕ. ಡಿಕ್ಲೇರ್ ಮಾಡಿ ಗೆದ್ದರೆ ಇನ್ನೂ ಮೂರು, ಸೋತರೆ ಇದ್ದ ಮೂರಕ್ಕೂ ತಿಲಾಂಜಲಿ. ಹಿಂದೆ ಬಿದ್ದವನ ಕೈಯಲ್ಲಿರುವುದು ಒಂದೇ ಅಂಕ. ಗೆದ್ದರೆ ಐದರ ಲಾಭ, ಸೋತರೆ ಒಂದರ ನಷ್ಟ. ಅವನು ಧೈರ್ಯ ಮಾಡದೆ ಇನ್ಯಾರು ಮಾಡಬೇಕು? ಹೀಗಾಗಿ ನಾಲ್ಕು ದಿನಗಳ ಲೀಗ್ ಪಂದ್ಯದಲ್ಲಿ ಕೊನೆಯ ದಿನವೂ ಆಟಕ್ಕೆ ಜೀವ ಇರುತ್ತದೆ.

ನಾಕೌಟಿಗೆ ಬಂದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಅಂಕಗಳಿಲ್ಲ, ಮುನ್ನಡೆ ಸಿಕ್ಕವನು ಪಾರು. ಗೆದ್ದರೂ ಅಷ್ಟೇ, ಡ್ರಾ ಮಾಡಿದರೂ ಅಷ್ಟೇ. ಹಾಗಿದ್ದ ಮೇಲೆ ಡಿಕ್ಲೇರ್ ಮಾಡಿ ಅಪಾಯ ಮೈಮೇಲೆ ಎಳೆದುಕೊಳ್ಳುವ ಪುಣ್ಯಾತ್ಮ ಯಾರು? 2022ರಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಜಾರ್ಖಂಡ್ 880 ಹೊಡೆದು ನಾಗಾಲ್ಯಾಂಡನ್ನು 289ಕ್ಕೆ ಉರುಳಿಸಿತು. 591ರ ಮುನ್ನಡೆ. ಫಾಲೋಆನ್ ಕೊಟ್ಟರೇ? ಇಲ್ಲ. ಮತ್ತೆ ತಾವೇ ಬ್ಯಾಟ್ ಹಿಡಿದು ಆರು ವಿಕೆಟಿಗೆ 417 ಸೇರಿಸಿದರು. ಒಟ್ಟು ಮುನ್ನಡೆ 1008! ನಿಯಮದಲ್ಲಿ ತಪ್ಪಿಲ್ಲ, ಆಟದಲ್ಲಿ ಮಾತ್ರ ರುಚಿಯಿಲ್ಲ. ಉಂಡ ಮೇಲೆ ಎಲೆ ಎತ್ತದೆ ಕೂತ ಅತಿಥಿಯ ಹಾಗೆ.

ಹಾಗಾದರೆ ಫಲಿತಾಂಶ ಬರುವವರೆಗೂ ಆಡಿಸಬಾರದೇಕೆ? ಆಡಿಸಿ ನೋಡಿದ್ದಾರೆ. 1949ರಲ್ಲಿ ಪುಣೆಯಲ್ಲಿ ಮುಂಬಯಿ-ಮಹಾರಾಷ್ಟ್ರ ಸೆಮಿಫೈನಲ್ ಏಳು ದಿನ ನಡೆಯಿತು. ಮುಂಬಯಿ 651 ಮತ್ತು 714, ಮಹಾರಾಷ್ಟ್ರ 407 ಮತ್ತು 604, ಒಟ್ಟು 2376 ರನ್. ಇಂದಿನ ಕ್ಯಾಲೆಂಡರಿನಲ್ಲಿ ಅಂಥದಕ್ಕೆ ಜಾಗವೆಲ್ಲಿ? ಲೀಗಿನಲ್ಲಿ ಮೇಲಿದ್ದವರನ್ನೇ ಮುಂದಕ್ಕೆ ಕಳಿಸೋಣವೆಂದರೆ, ಅವರು ಮೊದಲ ದಿನದಿಂದಲೇ ಡ್ರಾಕ್ಕೆ ಕೂರುತ್ತಾರೆ. ಆಸ್ಟ್ರೇಲಿಯದ ಶೆಫೀಲ್ಡ್ ಶೀಲ್ಡ್ ಫೈನಲಿನಲ್ಲಿ ಬಹುಕಾಲ ಈ ಪದ್ಧತಿಯಿತ್ತು, ದೂರುಗಳೂ ಇದ್ದವು.

ನಾವು ಕನ್ನಡಿಗರು ಈ ಮುನ್ನಡೆಯ ನಿಯಮವನ್ನು ಬೈಯುವ ಮುನ್ನ ಸ್ವಲ್ಪ ಯೋಚಿಸಬೇಕು. 1958-59ರಿಂದ ಸತತ ಹದಿನೈದು ವರ್ಷ ಟ್ರೋಫಿ ಹಿಡಿದಿದ್ದ ಮುಂಬಯಿಯನ್ನು 1974ರಲ್ಲಿ ಬೆಂಗಳೂರಿನ ಸೆಮಿಫೈನಲಿನಲ್ಲಿ ನಾವು ಹೊರದಬ್ಬಿದ್ದು ಹೇಗೆ? ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಪ್ರಸನ್ನರ ಎಸೆತಕ್ಕೆ ಗಾವಸ್ಕರ್ ಬೌಲ್ಡ್, ವಾಡೇಕರ್ ಕಾಲು ಜಾರಿ ರನೌಟ್, ಮುಂಬಯಿ 307. ಪಂದ್ಯ ಡ್ರಾ! ದಾಖಲೆಯ ಪ್ರಕಾರ ಆ ದಿನ ಮುಂಬಯಿ ಸೋಲಲೇ ಇಲ್ಲ.

ಅದೇ ನಿಯಮ 1982ರ ದೆಹಲಿಯ ಫೈನಲಿನಲ್ಲಿ ನಮ್ಮನ್ನು ಅಳಿಸಿತು. 705 ಹೊಡೆದೂ ಸೋತೆವು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ದೆಹಲಿಯ ಎಂಟನೇ ವಿಕೆಟ್ 589ಕ್ಕೆ ಬಿದ್ದಾಗ ಟ್ರೋಫಿ ಬೆಂಗಳೂರಿನ ರೈಲು ಹತ್ತಿದಂತೆಯೇ ಇತ್ತು. ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಎಂಬಿಬ್ಬರು ಬಾಲಂಗೋಚಿಗಳು ಮುರಿಯದ 118 ರನ್ ಸೇರಿಸಿ 707 ಮಾಡಿಬಿಟ್ಟರು. ಮರುವರ್ಷದ ಫೈನಲ್ ಈ ನಮ್ಮ ಮುಂಬಯಿಯಲ್ಲೇ. ಮುಂಬಯಿ 534, ಕರ್ನಾಟಕ 551. ಹದಿನೇಳು ರನ್ನಿನ ಮುನ್ನಡೆ, ಟ್ರೋಫಿ ನಮ್ಮದು. ಲೋಕಲ್ ಗಾಡಿಯಲ್ಲಿ ಮರಾಠಿ ಮಿತ್ರರೆದುರು ನಗು ತಡೆಹಿಡಿದ ಹಿರಿಯರು ನಮ್ಮ ಸಂಘದಲ್ಲಿ ಇಂದಿಗೂ ಇದ್ದಾರೆ, ಕೇಳಿ ನೋಡಿ.

ಹತ್ತನೇ, ಹನ್ನೊಂದನೇ ದಾಂಡಿಗನ ಒಂದೊಂದು ರನ್ನಿಗೂ ಇಷ್ಟು ಬೆಲೆ ಕೊಡುವ ನಿಯಮ ಬೇರೆಲ್ಲಿದೆ? ಅದಕ್ಕಾಗಿಯೇ ನಾನು ಇದರ ಪರ. ಮುನ್ನಡೆ ನಿರ್ಧಾರವಾದ ಮೇಲಿನ ಆಟ ನೀರಸವಾದರೆ ಸಹಿಸಿಕೊಳ್ಳೋಣ.

ಹುಡುಗನಿಗೆ ಇಷ್ಟೂ ಹೇಳಿದೆ. "ಹಾಗಾದರೆ ಫೈನಲಿನಲ್ಲಿ ಕೇರಳ ಏನಾಯಿತು?" ಎಂದ. ನಾಗಪುರದಲ್ಲಿ ವಿದರ್ಭ 379, ಕೇರಳ 342. ನಾಯಕ ಸಚಿನ್ ಬೇಬಿ 98ಕ್ಕೆ ಔಟ್. ಪಂದ್ಯ ಡ್ರಾ, ಟ್ರೋಫಿ ವಿದರ್ಭಕ್ಕೆ.