ಧರೆ ಕಡಿದವರು ಯಾರು?

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಊರುಗಳು ಕೆಸರಿನಡಿಯಲ್ಲಿ ಹೂತುಹೋದವು. ಮರುದಿನವೇ ಕೇಂದ್ರ ಪರಿಸರ ಸಚಿವಾಲಯವು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಆರನೆಯ ಬಾರಿಗೆ ಹೊರಡಿಸಿತು. ಒಟ್ಟು ಆರು ರಾಜ್ಯಗಳ 56,825 ಚದರ ಕಿಲೋಮೀಟರ್. ಅದರಲ್ಲಿ ಕರ್ನಾಟಕದ ಪಾಲು 20,668. ಶಾಯಿ ಆರುವ ಮುನ್ನವೇ ಮಲೆನಾಡಿನ ಪೇಟೆಗಳಲ್ಲಿ ಹಳೆಯ ಕೂಗು ಮತ್ತೆ ಎದ್ದಿತು: ಇನ್ನು ಮನೆಗೆ ಹಂಚು ಹೊದಿಸಲೂ ಬಿಡುವುದಿಲ್ಲ, ಕೊಟ್ಟಿಗೆಯ ದುರಸ್ತಿಗೂ ಅಪ್ಪಣೆ ಬೇಕು, ತೋಟಕ್ಕೆ ಗಾಡಿ ಒಯ್ಯುವುದೂ ಅಪರಾಧವಾಗುತ್ತದೆ. ಆ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿದಾಗ ಈ ಕೂಗಿಗೆ ಗೆಲುವು ಸಿಕ್ಕಂತಾಯಿತು.

ಕೂಗಿದವರು ಕರಡನ್ನು ಓದಿದ್ದರೇ? ಈಗಿರುವ ವಾಸದ ಮನೆಗಳ ದುರಸ್ತಿ, ವಿಸ್ತರಣೆ, ನವೀಕರಣಕ್ಕೆ ಜಾರಿಯಲ್ಲಿರುವ ಕಾನೂನಿಗೆ ಒಳಪಟ್ಟು ಯಾವ ನಿರ್ಬಂಧವೂ ಇಲ್ಲವೆಂದು ಅದರಲ್ಲಿಯೇ ಬರೆದಿದೆ. ಅದು ತಡೆಯಹೊರಟಿರುವುದು 20,000 ಚದರ ಮೀಟರ್ ಮತ್ತು ಅದಕ್ಕೂ ಮಿಕ್ಕಿದ ಕಟ್ಟಡಗಳನ್ನು. ಅಷ್ಟು ವಿಸ್ತಾರದ ಜಗಲಿ ಮಲೆನಾಡಿನ ಯಾವ ಅಡಿಕೆ ಬೆಳೆಗಾರನಿಗೂ ಇಲ್ಲ. ಗ್ರಾಮಸಭೆಗಳನ್ನು ಕೇಳದೆ ದೆಹಲಿಯಲ್ಲಿ ಗೆರೆ ಎಳೆಯುವ ಕ್ರಮವನ್ನು ವಿರೋಧಿಸುವುದಕ್ಕೆ ನ್ಯಾಯವಾದ ಕಾರಣಗಳಿವೆ. ಆದರೆ ‘ಮನೆ ರಿಪೇರಿಗೂ ಬಿಡುವುದಿಲ್ಲ’ ಎಂಬುದು ಆ ಕಾರಣಗಳಲ್ಲಿ ಒಂದಲ್ಲ. ಅದು ಶುದ್ಧ ಸುಳ್ಳು. ಈ ಸುಳ್ಳಿನ ಹಿಂದೆ ಅದಕ್ಕಿಂತ ದೊಡ್ಡದೊಂದು ವಿಪರ್ಯಾಸ ಅಡಗಿದೆ. ಮಲೆನಾಡಿನಲ್ಲಿ ಮನೆಯನ್ನು ದುರಸ್ತಿ ಮಾಡುವ ಪದ್ಧತಿಯೇ ಅಳಿಯುತ್ತಿದೆ. ದುರಸ್ತಿಯ ಹೆಸರಿನಲ್ಲಿ ಈಗ ನಡೆಯುತ್ತಿರುವುದು ಗುಡ್ಡ ಕಡಿಯುವ ಕೆಲಸ.

ಅದು ಆರಂಭವಾಗುವುದು ಮನೆಯಿಂದಲ್ಲ, ವಾಹನದಿಂದ. ಮಲೆನಾಡಿನ ಹಳೆಯ ಮನೆ ಕಣಿವೆಯ ತೋಟಕ್ಕೂ ಮೇಲಿನ ಬೆಟ್ಟಕ್ಕೂ ನಡುವೆ, ಇಳಿಜಾರು ಮುಗಿಯುವ ಅಂಚಿನಲ್ಲಿ ಕುಳಿತಿರುತ್ತದೆ. ಅಲ್ಲಿಗೆ ಕಾಲುದಾರಿ ಇತ್ತು, ಹಳ್ಳಕ್ಕೊಂದು ಸಂಕವಿತ್ತು. ಗಾಡಿಯ ದಾರಿ ಗುಡ್ಡದ ಮೈಯನ್ನು ಬಳಸಿಕೊಂಡು ಬರುತ್ತಿತ್ತು. ಮಳೆಗಾಲದಲ್ಲಿ ರೋಗಿಯನ್ನು ಕುರ್ಚಿಗೆ ಕಟ್ಟಿ ಹೊತ್ತು ಸಾಗಿಸಿದ ನೆನಪು ಬಹುಪಾಲು ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಹೆಡಿಗೆ ಹೊರುವ ಆಳುಗಳು ಸಿಗದ ಕಾಲದಲ್ಲಿ ಗೊಬ್ಬರವನ್ನೂ ಅಡಿಕೆಯನ್ನೂ ತಲೆಯ ಮೇಲೆ ಸಾಗಿಸಿರೆಂದು ಬೋಧಿಸುವುದು ಪೇಟೆಯಲ್ಲಿ ಕುಳಿತವರಿಗೆ ಮಾತ್ರ ಸಾಧ್ಯ. ದಾರಿ ಬೇಕು, ಅದರಲ್ಲಿ ವಾದವಿಲ್ಲ. ಎಷ್ಟು ಅಗಲದ ದಾರಿ, ಎಲ್ಲಿಯವರೆಗೆ, ಎಲ್ಲಿಂದ, ಯಾವ ತಿಂಗಳಲ್ಲಿ ಎಂಬುದು ಪ್ರಶ್ನೆ.

ಟಿಲ್ಲರಿನ ಟ್ರೇಲರ್ ಸಾಗಲು ಬೇಕಾದ ದಾರಿ ಕಿರಿದು. ಜೀಪಿಗೆ ಸ್ವಲ್ಪ ಹೆಚ್ಚು. ಆದರೆ ಕಾರು ಜಗಲಿಯ ಮೆಟ್ಟಿಲಿಗೇ ತಾಗಿ ನಿಲ್ಲಬೇಕು, ಅಲ್ಲಿಯೇ ತಿರುಗಬೇಕು ಎಂಬ ಆಸೆ ಹುಟ್ಟಿದ ದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಜನ ‘ಹಿಟಾಚಿ’ ಎಂದು ಕರೆಯುವ ಮಣ್ಣು ತೋಡುವ ಯಂತ್ರ ಗಂಟೆಯ ಬಾಡಿಗೆಗೆ ಬರುತ್ತದೆ. ಗಂಟೆಯ ಲೆಕ್ಕದಲ್ಲಿ ಬಂದದ್ದು ಬಳಸುಹಾದಿಯನ್ನು ಹುಡುಕುವುದಿಲ್ಲ, ನೆಟ್ಟಗೆ ಕಡಿಯುತ್ತದೆ. ಮೊದಲು ದಾರಿ, ಆಮೇಲೆ ಕಾರಿನ ಶೆಡ್ಡಿಗೊಂದು ಸಮತಟ್ಟು, ಹೇಗೂ ಯಂತ್ರ ಬಂದಿದೆಯೆಂದು ಅಡಿಕೆ ಒಣಗಿಸಲು ಇನ್ನೊಂದು. ಹಿಂದೆ ಗುದ್ದಲಿ ಹಿಡಿದವರು ಒಂದು ಬೇಸಗೆಯಲ್ಲಿ ಮುಗಿಸಲಾಗದ ಕೆಲಸ ಒಂದು ದಿನದಲ್ಲಿ ಮುಗಿಯುತ್ತದೆ. ಮನೆಯ ಹಿಂದೆ ಎರಡಾಳೆತ್ತರದ ಧರೆ ನಿಲ್ಲುತ್ತದೆ.

ಈ ಧರೆಯ ಒಡಲನ್ನು ನೋಡಬೇಕು. ಘಟ್ಟದ ಅನೇಕ ಕಡೆ ಮೇಲೆ ಗಟ್ಟಿಯಾದ ಜಂಬಿಟ್ಟಿಗೆಯ ಪದರ, ಅದರ ಕೆಳಗೆ ಬಿಳಿಗೆಂಪಿನ ಶೇಡಿ ಮಣ್ಣು. ಬೇಸಗೆಯಲ್ಲಿ ಕಡಿದಾಗ ಎರಡೂ ಗೋಡೆಯಂತೆ ನಿಲ್ಲುತ್ತವೆ. ಯಂತ್ರದವನು ‘ನೂರು ವರ್ಷಕ್ಕೂ ಅಲ್ಲಾಡುವುದಿಲ್ಲ’ ಎಂದು ಹೇಳಿ ಹೋಗುತ್ತಾನೆ. ಪುನರ್ವಸು, ಪುಷ್ಯ ಮಳೆ ಒಂದೇ ಸಮ ಹೊಯ್ದು ನೀರು ಇಂಗಿ ಕೆಳಗಿಳಿದಾಗ ಶೇಡಿ ಹಿಟ್ಟಿನ ಗಂಜಿಯಂತಾಗುತ್ತದೆ, ಮೇಲಿನ ಗಟ್ಟಿ ಪದರ ಮರಗಳ ಸಮೇತ ಜಾರುತ್ತದೆ. ಗುಡ್ಡದ ಬುಡವೇ ಅದನ್ನು ಆನಿಸಿ ನಿಲ್ಲಿಸಿದ್ದು. ಕಡಿದದ್ದು ಆ ಬುಡವನ್ನೇ. ಇನ್ನೊಂದು ಕಡೆ, ಕಡಿದ ಮಣ್ಣನ್ನು ಇಳಿಜಾರಿನ ಕೆಳಕ್ಕೆ ತಳ್ಳಲಾಗುತ್ತದೆ. ಆ ಸಡಿಲ ಮಣ್ಣು ಮಳೆಯ ನೀರು ಹರಿಯುತ್ತಿದ್ದ ಓಣಿಯನ್ನು ಮುಚ್ಚುತ್ತದೆ. ದಾರಿ ಕಾಣದ ನೀರು ಮಣ್ಣಿನೊಳಗೇ ಇಳಿಯುತ್ತದೆ. ಕೆಳಗಿನ ತೋಟದ ಬಸಿಗಾಲುವೆಗಳಲ್ಲಿ ಕೆಮ್ಮಣ್ಣು ತುಂಬಿದರೆ ಅದು ಪಕ್ಕದ ಮನೆಯವನ ಪಾಡು. ‘ನನ್ನ ಜಾಗ, ನನ್ನ ಗುಡ್ಡ’ ಎಂಬ ಮಾತು ಗಡಿಕಲ್ಲಿನವರೆಗೆ ಮಾತ್ರ ನಿಜ. ಉತ್ತರ ಕನ್ನಡದಲ್ಲಂತೂ ಈ ದಾರಿಗಳು ಎಷ್ಟೋ ಸಲ ಸೊಪ್ಪಿನ ಬೆಟ್ಟವನ್ನು ಸೀಳಿಕೊಂಡೇ ಬರುತ್ತವೆ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟದ್ದು ಸೊಪ್ಪಿಗೆ, ದರಕಿಗೆ; ವಾಹನದ ನಿಲ್ದಾಣಕ್ಕಲ್ಲ.

2018ರ ಆಗಸ್ಟಿನಲ್ಲಿ ಕೊಡಗು ಕುಸಿದಾಗ ಸ್ಥಳ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅತಿವೃಷ್ಟಿಯ ಜೊತೆಗೆ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ಹೆಸರಿಸಿತು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ ಕುಸಿದವು. ಪ್ರತಿ ಕುಸಿತಕ್ಕೂ ಮನೆಯವರ ಧರೆಯೇ ಕಾರಣವೆಂದು ಹೇಳುವುದು ಅನ್ಯಾಯ. ಮುಟ್ಟದ ಕಾಡಿನ ಗುಡ್ಡಗಳೂ ಜಾರಿವೆ. ಆದರೆ ಮಳೆಯ ಸ್ವಭಾವವೇ ಬದಲಾಗಿ, ತಿಂಗಳ ಮಳೆ ವಾರದಲ್ಲಿ ಸುರಿಯುವ ಈ ಕಾಲದಲ್ಲಿ ಗುಡ್ಡದ ಬುಡವನ್ನು ಕಡಿಯುವವನಿಗೆ ಅಜ್ಞಾನದ ನೆಪ ಉಳಿದಿಲ್ಲ.

ಇಲ್ಲೊಂದು ಆಕ್ಷೇಪ ಬರುವುದುಂಟು. ಹೆದ್ದಾರಿಗೆ ಇಡೀ ಗುಡ್ಡವನ್ನು ಸೀಳಿದವರನ್ನು ಬಿಟ್ಟು, ಅಂಗಳಕ್ಕೆ ನಾಲ್ಕು ಬುಟ್ಟಿ ಮಣ್ಣು ತೆಗೆದ ಬಡಪಾಯಿಯನ್ನು ಹಿಡಿಯುವುದೇಕೆ ಎಂದು. ಆಕ್ಷೇಪದ ಅರ್ಧ ಸರಿಯಾಗಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದು ಜನರನ್ನೂ ಲಾರಿಯನ್ನೂ ಗಂಗಾವಳಿ ನದಿಗೆ ತಳ್ಳಿದ್ದನ್ನು ಯಾರೂ ಮರೆತಿಲ್ಲ. ಬೋಳುಗುಡ್ಡಗಳನ್ನು ಕೊಂಡು, ನೆತ್ತಿಯನ್ನು ಸಪಾಟು ಮಾಡಿ, ವಾಹನ ನಿಲುಗಡೆಯ ಬಯಲು ಹರಡಿ, ಅದಕ್ಕೆ ‘ಪ್ರಕೃತಿಯ ಮಡಿಲು’ ಎಂದು ಫಲಕ ಹಾಕುವ ಹೋಂಸ್ಟೇಗಳು ಸಣ್ಣ ಅಪರಾಧಿಗಳಲ್ಲ. ಆದರೆ ಅವರನ್ನು ಪ್ರಶ್ನಿಸುವ ನೈತಿಕ ಬಲ ಊರಿಗೆ ಬರುವುದು ಎಲ್ಲಿಂದ? ಪ್ರತಿ ಮನೆಯ ಹಿಂದೆಯೂ ಒಂದೊಂದು ಬೆತ್ತಲೆ ಧರೆ ನಿಂತಿರುವಾಗ ಹೋಂಸ್ಟೇಯ ಒಡೆಯನೆದುರು ಗ್ರಾಮಸಭೆಯ ಬಾಯಿ ಕಟ್ಟುತ್ತದೆ. ಅದು ಅವನಿಗೂ ಗೊತ್ತು.

ದಾರಿಯಾದ ಮೇಲೆ ಸಿಮೆಂಟು ಬರುತ್ತದೆ. ಲಾರಿ ಬರಲಾಗದ ಕಾಲದಲ್ಲಿ ಮನೆಯ ಸಾಮಗ್ರಿ ಸುತ್ತಲಿನ ಮಣ್ಣು, ಕಲ್ಲು, ಮರಗಳೇ ಆಗಿದ್ದವು. ಹೊರಗಿನಿಂದ ಬಂದದ್ದು ಹಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯ ಪರಂಪರೆ ಘಟ್ಟವನ್ನೇರಿ ಮಲೆನಾಡಿನದೇ ಆಗಿಹೋಯಿತು. ಏಕೆಂದರೆ ಅದು ಮಳೆಗೆ ಒಪ್ಪುವ ವಸ್ತು. ಒಂದು ಹಂಚು ಒಡೆದರೆ ಆ ಒಂದನ್ನು ಬದಲಿಸಿದರಾಯಿತು. ಒಂದು ಪಕಾಸು ಗೆದ್ದಲು ಹಿಡಿದರೆ ಅದೊಂದನ್ನೇ ತೆಗೆದು ಬೇರೆ ಕೂರಿಸಬಹುದು. ಇಂಥ ಮಾಡನ್ನು ಇಳಿಸಿ ಚಪ್ಪಟೆ ತಾರಸಿ ಹಾಕುವುದು ಈಗ ಪ್ರತಿಷ್ಠೆಯ ಲಕ್ಷಣ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ ನೀರು ನಿಲ್ಲುವ ಮಾಡನ್ನು ಕಟ್ಟುವುದು ಯಾವ ಬುದ್ಧಿವಂತಿಕೆ? ಕೆಲವೇ ಮಳೆಗಾಲಗಳಲ್ಲಿ ಅದು ತೊಟ್ಟಿಕ್ಕತೊಡಗುತ್ತದೆ. ಆಮೇಲೆ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾದ ತಗಡಿನ ಮಾಡು! ತೀರ್ಥಹಳ್ಳಿಯಿಂದ ಶಿರಸಿಯವರೆಗೆ ಹೀಗೆ ಎರಡೆರಡು ಮಾಡು ಹೊತ್ತ ಮನೆಗಳು ಸಾಲುಸಾಲಾಗಿ ಕಾಣುತ್ತವೆ. ಮೊದಲಿನದೇ ಇಳಿಜಾರು ಮಾಡಿಗೆ ಹಿಂತಿರುಗಲು ಎರಡು ಸಲ ಸಾಲ.

ಮಣ್ಣಿನ ಗೋಡೆಯ ಪಾಡೂ ಹೀಗೆಯೇ. ಅದಕ್ಕೆ ಬೇಕಾದದ್ದು ಉದ್ದನೆಯ ಸೂರು, ಗಟ್ಟಿ ಕಲ್ಲಿನ ಪಾಯ, ಮಳೆಗಾಲಕ್ಕೆ ಮುನ್ನ ಗಾಳಿಯ ದಿಕ್ಕಿಗೆ ಕಟ್ಟುವ ಅಡಿಕೆ ಸೋಗೆಯ ತಟ್ಟಿ. ಸೂರನ್ನು ಮೊಟಕುಗೊಳಿಸಿ ಗೋಡೆಗೆ ಸಿಮೆಂಟಿನ ಗಿಲಾವು ಬಳಿದರೆ ಒಳಸೇರಿದ ತೇವ ಹೊರಬರಲಾಗದೆ ಗೋಡೆಯನ್ನು ಒಳಗಿನಿಂದ ತಿನ್ನುತ್ತದೆ. ಗಿಲಾವು ಚಕ್ಕೆಯಾಗಿ ಕಳಚುತ್ತದೆ. ಆಗ ದೂಷಣೆ ಮಣ್ಣಿಗೆ, ಸಿಮೆಂಟಿಗಲ್ಲ. ಜನಗಣತಿಯ ಕಾಗದದಲ್ಲಿ ಮಣ್ಣಿನ ಗೋಡೆ ‘ಕಚ್ಚಾ’ ಎಂದೇ ದಾಖಲಾಗುತ್ತದೆ. ಮೂರು ತಲೆಮಾರು ಬಾಳಿದ ಗೋಡೆ ಕಚ್ಚಾ, ಹತ್ತು ವರ್ಷಕ್ಕೆ ಬಿರುಕು ಬಿಟ್ಟದ್ದು ಪಕ್ಕಾ! ಹಳೆಯ ಮನೆಯ ಮಾಡನ್ನು ಬಲಪಡಿಸುವವನಿಗಿಂತ ಅದನ್ನು ಕೆಡವಿ ಹೊಸದು ಕಟ್ಟುವವನೇ ಬ್ಯಾಂಕಿನ ಕಣ್ಣಿಗೆ ಪ್ರಗತಿಪರ. ಮರದ ಕೆಲಸ ಬಲ್ಲ ಆಚಾರಿ ಕೆಲಸವಿಲ್ಲದೆ ಪೇಟೆ ಸೇರುತ್ತಾನೆ, ಅವನ ಮಗ ಉಳಿ ಹಿಡಿಯುವುದಿಲ್ಲ. ಅನಂತರ ‘ರಿಪೇರಿ ಮಾಡುವವರೇ ಇಲ್ಲ’ ಎಂಬ ದೂರು.

ಕೊಟ್ಟಿಗೆಗೂ ಶೆಡ್ಡಿಗೂ ಅಗ್ಗವೆಂದು ಹಾಕುವ ಸಿಮೆಂಟ್ ಶೀಟುಗಳಲ್ಲಿ ಬಹಳಷ್ಟು ಕಲ್ನಾರಿನವು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದನ್ನು ಕೊರೆಯುವಾಗ, ಒಡೆದದ್ದನ್ನು ಎಳೆದೊಯ್ಯುವಾಗ ಏಳುವ ದೂಳನ್ನು ಮೂಗಿಗೆ ಬಟ್ಟೆಯೂ ಇಲ್ಲದೆ ಕುಡಿಯುವವರು ಕೂಲಿಯಾಳುಗಳು. ವಾಹನದ ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲನ್ನು ಗೆದ್ದಲಿಗೆ ಮದ್ದೆಂದು ಬೇಲಿಯ ಗೂಟಕ್ಕೂ ಮಾಡಿನ ಮರಕ್ಕೂ ಬಳಿಯುವ ಚಾಳಿ ವ್ಯಾಪಕವಾಗಿದೆ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮಳೆ ತೊಳೆದ ಎಣ್ಣೆ ಕೊನೆಗೆ ಸೇರುವುದು ಬಾವಿಗೆ, ಹಳ್ಳಕ್ಕೆ. ಮರಕ್ಕೆ ಗೇರೆಣ್ಣೆ ಬಳಿಯುತ್ತಿದ್ದ ಕರಾವಳಿಯ ಕ್ರಮ ಘಟ್ಟದವರಿಗೆ ತಿಳಿಯದ್ದೇನಲ್ಲ.

ಟ್ರೇಲರಿನ ವಿಷಯಕ್ಕೆ ಬಂದರೆ ಕಡಿದಾದ ದಾರಿಯ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಸಮತಟ್ಟಿನಲ್ಲಿ ಟಿಲ್ಲರಿನ ಎಡ ಕ್ಲಚ್ ಹಿಡಿದರೆ ಅದು ಎಡಕ್ಕೆ ತಿರುಗುತ್ತದೆ. ಹೇರು ಹೊತ್ತ ಟ್ರೇಲರ್ ಕಡಿದಾದ ಇಳಿಜಾರಿನಲ್ಲಿ ಹಿಂದಿನಿಂದ ದಬ್ಬುವಾಗ ಅದೇ ಎಡ ಕ್ಲಚ್ ಹಿಡಿದರೆ ಸ್ವತಂತ್ರವಾದ ಎಡ ಚಕ್ರ ವೇಗವಾಗಿ ಉರುಳಿ ಗಾಡಿ ಬಲಕ್ಕೆ ನುಗ್ಗುತ್ತದೆ. ಇದನ್ನರಿಯದ ಹೊಸ ಚಾಲಕ ಧರೆಯ ಕಡೆಗೆ ತಿರುಗಿಸಲು ಹೋಗಿ ಪ್ರಪಾತದ ಕಡೆಗೆ ಹೊರಳುತ್ತಾನೆ. ಊರಿನ ಶೆಡ್ಡಿನಲ್ಲಿ ಬೆಸುಗೆ ಹಾಕಿ ಎತ್ತರಿಸಿದ ಪಕ್ಕದ ಹಲಗೆ, ಸವೆದ ಬ್ರೇಕು, ಹೇರಿನ ಮೇಲೆ ಕುಳಿತ ನಾಲ್ಕು ಆಳುಗಳು—ಇವನ್ನೂ ‘ಸುಧಾರಣೆ’ ಎಂದೇ ಕರೆಯಲಾಗುತ್ತದೆ. ತಯಾರಕರು ನಿಗದಿಪಡಿಸಿದ ರಚನೆಯನ್ನು ಮನಬಂದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿ ನಿಷೇಧಿಸುತ್ತದೆ; ಆದರೆ ಆ ಕಾಯ್ದೆ ತೋಟದ ದಣಪೆಯನ್ನು ದಾಟಿ ಒಳಬರುವುದಿಲ್ಲ. ಬಳಸುಹಾದಿ ಉದ್ದವೆಂದು ನೆಟ್ಟಗೆ ಕಡಿಸಿದವನು ಉಳಿಸಿದ ಡೀಸೆಲಿಗೆ ಯಾರದೋ ಕಾಲು, ಯಾರದೋ ಬೆನ್ನೆಲುಬು ತೆರಬೇಕಾಗುತ್ತದೆ.

2011ರಲ್ಲಿ ಮಾಧವ ಗಾಡ್ಗೀಳರ ಸಮಿತಿ ಪಶ್ಚಿಮ ಘಟ್ಟಕ್ಕೆ ಪ್ರತ್ಯೇಕ ಕಟ್ಟಡ ಸಂಹಿತೆ ಬೇಕು, ಕಬ್ಬಿಣ, ಸಿಮೆಂಟು, ಮರಳಿನ ಬಳಕೆ ಕಡಿಮೆಯಾಗಬೇಕು ಎಂದು ಶಿಫಾರಸು ಮಾಡಿತ್ತು. ಅದನ್ನು ರೈತವಿರೋಧಿ ಎಂದು ಸಾರಿದವರು ಬದಲಿಗೆ ಏನನ್ನೂ ಕೊಡಲಿಲ್ಲ. ಸರ್ಕಾರ ಸಂಹಿತೆ ಮಾಡುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಮಳೆಗಾಲದಲ್ಲಿ ನೀರು ಎಲ್ಲಿಂದ ಹರಿಯುತ್ತದೆಂದು ಒಂದು ಆಷಾಢವಿಡೀ ನೋಡಿ, ಬೇಸಗೆಯ ಆರಂಭದಲ್ಲಿ ದಾರಿಯ ಕೆಲಸ ಮುಗಿಸಬಹುದು. ಮೇ ತಿಂಗಳ ಕೊನೆಯಲ್ಲಿ ಕಡಿದ ಹಸಿ ಧರೆಯನ್ನು ಜೂನಿನ ಮಳೆಗೆ ಒಡ್ಡುವ ಕೆಟ್ಟ ರೂಢಿಯನ್ನಾದರೂ ನಿಲ್ಲಿಸಬಹುದು. ನೆಟ್ಟಗಿನ ಒಂದು ಧರೆಗೆ ಬದಲಾಗಿ ಮೆಟ್ಟಿಲುಗಳಾಗಿ ಕಡಿದು ಲಾವಂಚ ನೆಡಬಹುದು. ನೀರು ಬಸಿಯಲು ರಂಧ್ರವಿಲ್ಲದ ಕಾಂಕ್ರೀಟ್ ತಡೆಗೋಡೆಗಿಂತ, ಬಲ್ಲವರು ಕಟ್ಟಿದ ಒಣಕಲ್ಲಿನ ಕಟ್ಟಣೆ ಮೇಲು. ನೀರು ಅದರ ಸಂದುಗಳಿಂದ ಇಳಿದುಹೋಗುತ್ತದೆ. ಕಾರನ್ನು ನೂರು ಹೆಜ್ಜೆ ಆಚೆ, ದಾರಿ ಸಹಜವಾಗಿ ಮುಗಿಯುವಲ್ಲಿ ನಿಲ್ಲಿಸಿ ಅಲ್ಲಿಂದ ಟಿಲ್ಲರ್ ಸಾಗುವಷ್ಟೇ ದಾರಿ ಬಿಟ್ಟರೆ ಮನೆಯ ಹಿಂದಿನ ಗುಡ್ಡ ಉಳಿಯುತ್ತದೆ. ರೋಗಿಗೂ ಆ ನೂರು ಹೆಜ್ಜೆಗೆ ಟ್ರೇಲರ್ ಸಾಕು.

ಗ್ರಾಮ ಪಂಚಾಯಿತಿಗಳಿಂದ ಕೇಳಬೇಕಾದದ್ದು ಎರಡೇ. ಆಳೆತ್ತರಕ್ಕೆ ಮೀರಿದ ಯಾವುದೇ ಧರೆಯನ್ನು ಕಡಿಯುವ ಮೊದಲು ಕೆಳಗಿನ ತೋಟದವರ ಎದುರಿನಲ್ಲಿ ಸ್ಥಳ ನೋಡಿ ಲಿಖಿತವಾಗಿ ಒಪ್ಪಿಗೆ ಕೊಡುವ ಕ್ರಮ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಖಾಸಗಿ ಜಾಗದಲ್ಲೂ ಮಣ್ಣು ತೋಡುವ ಯಂತ್ರಗಳಿಗೆ ಬಿಡುವು. ಈ ಎರಡು ನಿರ್ಣಯಗಳನ್ನು ಕೈಗೊಳ್ಳಲು ದೆಹಲಿಯ ಅಧಿಸೂಚನೆ ಬೇಕಿಲ್ಲ, ಗ್ರಾಮಸಭೆಯಲ್ಲಿ ಕೈಯೆತ್ತುವವರು ಬೇಕು. ಅಡಿಕೆ ಕೊಯಿಲು ಮುಗಿದು, ಜನರ ಕೈಯಲ್ಲಿ ಕಾಸು ಓಡಾಡಿ, ಯಂತ್ರಗಳ ಮಾಲೀಕರು ಮನೆ ಮನೆಗೆ ಎಡತಾಕುವ ಮೊದಲೇ ಈ ವಿಷಯ ಸಭೆಯ ಮುಂದೆ ಬರಬೇಕು.